ಕಂದು ಕುದುರೆಯ ಬಲಗಿವಿ

ನನ್ನ ತಂಗಿಯನ್ನು ಕುದುರೆಯವರ ಬಳಗದಲ್ಲಿ ತಕ್ಕಡಿ ಎಂದು ಕರೆಯುತ್ತಾರೆ. ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಬಹಳ ಕಾಲ ಬೆನ್ನ ಹಿಂದೆಯೇ ಓಡಾಡಿದ ಹೆಸರು ಅದು. ಒಂದು ದಿನ ಅವಳೇ ಫೋನ್ ಎತ್ತಿ, "ಹೇಳಿ, ತಕ್ಕಡಿ ಮಾತಾಡ್ತಿರೋದು" ಎಂದ ಮೇಲೆ ಆಡಿಕೊಳ್ಳುವವರಿಗೆ ಕೆಲಸವಿಲ್ಲದಂತಾಯಿತು. ಯಾರಾದರೂ ಕುದುರೆ ಕೊಳ್ಳಲು ಹೊರಟರೆ ಅವರ ಪರವಾಗಿ ಹೋಗಿ, ಅದನ್ನು ನೋಡಿ, ಕೊಳ್ಳಬಹುದು ಅಥವಾ ಬೇಡ ಎಂದು ಹೇಳುವುದು ಅವಳ ಉದ್ಯೋಗ. ಮಾರುವವರಿಂದ ಒಂದು ಲೋಟ ನೀರನ್ನೂ ಕುಡಿಯುತ್ತಿರಲಿಲ್ಲ. ಬಾಯಾರಿಕೆಯಾದರೆ ಕಾರಿನಲ್ಲಿ ಬಾಟಲಿ ಇರುತ್ತಿತ್ತು.

ಅವಳು ನೋಡುತ್ತಿದ್ದುದು ಹೆಚ್ಚಾಗಿ ಬೇಟೆ ಕುದುರೆಗಳನ್ನು. ಬೇಟೆ ಎನ್ನುವುದು ಈಗ ಹೆಸರಿಗಷ್ಟೇ ಉಳಿದಿದೆ. ಚಳಿಗಾಲದಲ್ಲಿ ಸವಾರರ ಕ್ಲಬ್ಬಿನವನೊಬ್ಬ ವಾಸನೆ ಹಚ್ಚಿದ ಬಟ್ಟೆಯ ಗಂಟನ್ನು ಹೊಲ, ಹುಲ್ಲುಗಾವಲುಗಳ ಮೇಲೆ ಎಳೆದುಕೊಂಡು ಹೋಗುತ್ತಾನೆ. ಅದರ ಜಾಡು ಹಿಡಿದು ನಾಯಿಗಳ ಹಿಂಡು, ನಾಯಿಗಳ ಹಿಂದೆ ಸವಾರರು. ಕೊಲ್ಲುವುದಕ್ಕೆ ಅಲ್ಲಿ ಯಾವ ಪ್ರಾಣಿಯೂ ಇಲ್ಲ. ಆದರೆ ದಾರಿಯುದ್ದಕ್ಕೂ ಮುಳ್ಳುಬೇಲಿ, ಬಿದ್ದ ಮರದ ದಿಮ್ಮಿ, ಕಲ್ಲುಗೋಡೆ, ಕಾಲುವೆ ಎಲ್ಲವೂ ಇವೆ. ಅವನ್ನೆಲ್ಲ ಸುತ್ತುಬಳಸದೆ ಹಾರಿ ದಾಟಬೇಕು. ಅಂಥ ಕುದುರೆಗೆ ಕಾಲು ಗಟ್ಟಿ ಇದ್ದರೆ ಸಾಲದು. ಹಿಂಡಿನಲ್ಲಿ ಓಡುವಾಗ ಹುಚ್ಚು ಹಿಡಿಯಬಾರದು, ಒಂಟಿಯಾಗಿ ನಿಲ್ಲಿಸಿದರೆ ಗೋಳಾಡಬಾರದು, ಮೇಲೆ ಕೂತವನು ತಪ್ಪು ಮಾಡಿದರೂ ತಾನು ಮಾಡಬಾರದು. "ಸವಾರನಿಗಿಂತ ಸ್ವಲ್ಪ ಹೆಚ್ಚು ಬುದ್ಧಿ ಇದ್ರೆ ಸಾಕು, ಅದೇನೂ ಕಷ್ಟ ಅಲ್ಲ" ಎನ್ನುತ್ತಿದ್ದಳು ತಂಗಿ.

ನಮ್ಮ ತೌರಿನಲ್ಲಿ ಕುದುರೆ ಇರಲಿಲ್ಲ. ತಂದೆಯವರದು ಔಷಧದ ಅಂಗಡಿ. ತಂಗಿ ಸವಾರಿ ಕಲಿಸುವ ಶಾಲೆಯ ಒಡೆಯನನ್ನು ಮದುವೆಯಾಗಿ ಆ ಲೋಕಕ್ಕೆ ಹೋದಳು. ಗಂಡ ಕೂಗಾಡುವ ಮನುಷ್ಯ, ಒಳ್ಳೆಯ ಸವಾರ. ಮಗಳು ಶಾಲೆಗೆ ಹೋಗುವ ವಯಸ್ಸಿನಲ್ಲಿದ್ದಾಗ ಅಂಥದೇ ಒಂದು ಓಟದಲ್ಲಿ ಕಾಲುವೆಯ ದಡ ಕುಸಿದು, ಕುದುರೆಯ ಅಡಿ ಸಿಕ್ಕಿ ತೀರಿಕೊಂಡ. ಆ ಕುದುರೆಯನ್ನು ನೋಡಿ ಆರಿಸಿದವಳು ತಂಗಿಯೇ. ಬಂಧುಬಳಗದವರೆಲ್ಲ ಅದು ಅಪಶಕುನದ ಪ್ರಾಣಿ, ಮಾರು, ಇಲ್ಲವೇ ಗುಂಡು ಹಾಕಿಸು ಎಂದರು. ದೋಷ ಎಲ್ಲಿದೆ, ಕೈ ಇಟ್ಟು ತೋರಿಸಿ ಎಂದು ಇವಳು ಪ್ರತಿಯೊಬ್ಬರನ್ನೂ ಕೇಳಿದಳು. ಯಾರಿಂದಲೂ ಆಗಲಿಲ್ಲ. ಕುದುರೆ ಮುದಿಯಾಗಿ ಸಾಯುವ ತನಕ ಅವಳ ಲಾಯದಲ್ಲೇ ಇತ್ತು.

ಆಮೇಲಿನ ವರ್ಷಗಳಲ್ಲಿ ಅದೇ ಅವಳ ಕಸುಬಿನ ಕಟ್ಟಳೆಯಾಯಿತು. ಕೈ ಇಟ್ಟು ತೋರಿಸಲಾಗದ್ದನ್ನು ಅವಳು ದೋಷ ಎನ್ನುತ್ತಿರಲಿಲ್ಲ. ಬೇರೆ ಪರೀಕ್ಷಕರು "ಯಾಕೋ ಮನಸ್ಸು ಒಪ್ತಿಲ್ಲ" ಎಂದು ಕೈಯಾಡಿಸಿ ಎದ್ದುಬಿಡುತ್ತಿದ್ದರು. ಹಾಗೆ ಹೇಳಿದರೆ ಎಂದೂ ತಪ್ಪು ಸಿಕ್ಕುವುದಿಲ್ಲ. ಕೊಳ್ಳದ ಕುದುರೆ ಯಾರನ್ನು ಬೀಳಿಸೀತು? ತಂಗಿಗೆ ಅಂಥವರ ಬಗ್ಗೆ ಅಸಡ್ಡೆ. ಅವಳು ಬೇಡವೆಂದರೆ, ಮೊಣಕಾಲಿನ ಒಳಬದಿಯ ಈ ಗಂಟು, ಗೊರಸಿನ ಈ ಬಿರುಕು, ಉಸಿರಿನ ಈ ಸೀಟಿ ಎಂದು ಹೇಳಿ ಮಾರುವವನ ಕೈಯನ್ನೇ ಹಿಡಿದು ಆ ಜಾಗದ ಮೇಲೆ ಇಡಿಸುತ್ತಿದ್ದಳು. ಮಾರುವವರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ.

ಮಗಳು ತಂದೆಯಂತೆಯೇ ಸವಾರಳಾದಳು. ತಂಗಿ ಅದನ್ನು ತಡೆಯಲಿಲ್ಲ, ಮೆಚ್ಚಿದ್ದೂ ಕಾಣಲಿಲ್ಲ. ಮಗಳು ಮದುವೆಯಾದ ಹುಡುಗ ಹಲ್ಲಿನ ಡಾಕ್ಟರು. ದುಂಡುಮುಖ, ಸದಾ ಏನಾದರೊಂದು ತಮಾಷೆ. ಕುದುರೆಯ ಹಲ್ಲು ನೋಡಿ ವಯಸ್ಸು ಹೇಳುವುದನ್ನು ಅತ್ತೆಯಿಂದ ಕಲಿತ ಮೇಲೆ, ನನ್ನ ಕ್ಲಿನಿಕ್ಕಿಗೆ ಬರುವವರಿಗಿಂತ ಇವೇ ವಾಸಿ, ಸುಳ್ಳು ಹೇಳಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ. ಅವನೂ ಸವಾರಿ ಮಾಡುತ್ತಿದ್ದ. ಆದರೆ ತನ್ನ ಹಳೆಯ ಹೆಣ್ಣು ಕುದುರೆಯ ಮೇಲೆ ಮಾತ್ರ, ಹಿಂಡಿನ ಕೊನೆಯಲ್ಲಿ ಮಾತ್ರ.

ಮಗಳ ಕುದುರೆಗೆ ವಯಸ್ಸಾಗಿ ಓಟದಿಂದ ಬಿಡಿಸಿದಾಗ ಹೊಸದರ ಹುಡುಕಾಟ ಶುರುವಾಯಿತು. ಮೊದಲು ಒಂದು ಬೂದು ಕುದುರೆ. ತಂಗಿ ಹಿಂಗಾಲಿನ ಕೀಲಿನಲ್ಲಿ ಊತ ತೋರಿಸಿ ಬೇಡ ಎಂದಳು. ಆಮೇಲೆ ಎತ್ತರದ ಕಪ್ಪು ಕುದುರೆ. ಅದರ ಎದೆಯಲ್ಲಿ ಸೀಟಿ ಇತ್ತು. ಎರಡೂ ನಿಜವಾದ ದೋಷಗಳೇ. ಮಗಳು ಎರಡನ್ನೂ ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ಒಪ್ಪಿಕೊಂಡಳು. ಆದರೂ ಎರಡನೆಯದನ್ನು ಬಿಟ್ಟು ಬಂದ ಸಂಜೆ ಊಟದ ಮೇಜಿನಲ್ಲಿ ತಟ್ಟೆಯನ್ನು ಸರಿಸಿ, "ಅಮ್ಮ, ನಿನಗೆ ನಾನು ಓಟಕ್ಕೆ ಹೋಗೋದೇ ಬೇಕಾಗಿಲ್ಲ. ಅದಕ್ಕೆ ದೋಷ ಹುಡುಕ್ತೀಯ, ಹುಡುಕಿದ್ರೆ ಸಿಕ್ಕೇ ಸಿಗತ್ತೆ" ಎಂದಳು. ಆ ಮಾತು ತಂಗಿಯ ಒಳಗೆಲ್ಲೋ ಹೋಗಿ ಕೂತಿದ್ದು ನನಗೆ ಕಂಡಿತು. ಬೇರೆ ಯಾರು ಏನೆಂದರೂ ಕೊಡವಿಕೊಂಡು ಹೋಗುವವಳು, ಆಮೇಲೆ ಕೆಲವು ದಿನ ತನ್ನನ್ನೇ ತಾನು ತೂಗಿಕೊಳ್ಳುತ್ತಿರುವಂತೆ ಇದ್ದಳು.

ಮೂರನೆಯದು ಕಂದು ಕುದುರೆ.

ವ್ಯಾಪಾರಿಯ ಲಾಯ ಊರಾಚೆ, ಇಟ್ಟಿಗೆ ಗೂಡಿನ ಹಿಂದೆ. ತಂಗಿಗೆ ಕಾರು ಓಡಿಸಲು ಬರುವುದಿಲ್ಲ. ನಾನೇ ಕರೆದುಕೊಂಡು ಹೋದೆ. ಮಗಳು ಅಳಿಯ ಅವರ ಕಾರಿನಲ್ಲಿ ಬರುವವರಿದ್ದರು. ಹೇಳಿದ ಹೊತ್ತಿಗಿಂತ ಮೊದಲೇ ಹೋಗುವುದು ತಂಗಿಯ ಪದ್ಧತಿ. ಮಾರುವವನು ಮುಂಚೆಯೇ ಕುದುರೆಯನ್ನು ಓಡಿಸಿ ದಣಿಸಿಟ್ಟರೆ ತುಂಟ ಪ್ರಾಣಿಯೂ ಸಾಧುವಾಗಿ ಕಾಣುತ್ತದೆ, ಕುಂಟು ಕಾಲೂ ಬಿಸಿಯಾಗಿ ಸರಿಹೋಗುತ್ತದೆ. ಹೋದವಳೇ ಜೀನು ಕೂರುವ ಜಾಗದ ಮೇಲೆ ಅಂಗೈ ಇಟ್ಟು ನೋಡಿದಳು. ಬೆವರಿಲ್ಲ. ಕಾಲುಗಳು ತಣ್ಣಗಿವೆ. ಬಾಗಿಲಿನ ಮರವನ್ನು ಕಚ್ಚಿದ ಗುರುತಿಲ್ಲ, ಹಾಸಿದ ಹುಲ್ಲು ಒಂದೇ ಕಡೆ ತುಳಿದು ಹಳ್ಳವಾಗಿಲ್ಲ.

ವ್ಯಾಪಾರಿ ಹಳೆಯ ಪರಿಚಯದವನು. ಬೂಟು ಹಾಕಿಕೊಳ್ಳುತ್ತಲೇ ಓಡಿಬಂದ.

"ಅಮ್ಮಾ, ನೀವು ಬರ್ತೀರ ಅಂತ ಇವನಿಗೆ ಬೆಳಿಗ್ಗೆಯಿಂದ ಊಟ ಸೇರಿಲ್ಲ. ನನಗೂ ಸೇರಿಲ್ಲ. ನನ್ನ ಹಲ್ಲು ಮಾತ್ರ ನೋಡ್ಬೇಡಿ, ಎರಡು ಹೋಗಿವೆ."

"ನಿಮ್ಮನ್ನ ಯಾರೂ ಕೊಳ್ಳಲ್ಲ, ಧೈರ್ಯವಾಗಿರಿ" ಎಂದಳು ತಂಗಿ, ತಲೆಯೆತ್ತದೆ.

ಬೀಜ ಒಡೆಸಿದ ಗಂಡು ಕುದುರೆ, ನಡುವಯಸ್ಸು, ಅಗಲ ಎದೆ, ಗಿಡ್ಡ ಬೆನ್ನು. ಪ್ರತಿ ಕಾಲನ್ನೂ ಅವಳು ಮೇಲಿನಿಂದ ಗೊರಸಿನವರೆಗೆ ಎರಡೂ ಕೈಯಲ್ಲಿ ಸವರಿ ನೋಡಿದಳು. ಗೊರಸು ಎತ್ತಿ ಲಾಳ ಎಲ್ಲಿ ಸವೆದಿದೆ ಎಂದು ಪರೀಕ್ಷಿಸಿದಳು. ಒಂದು ಕಾಲನ್ನು ಜೋಪಾನ ಮಾಡುವ ಕುದುರೆಯ ಲಾಳ ಒಂದೇ ಬದಿ ಸವೆಯುತ್ತದೆ. ಇಲ್ಲಿ ನಾಲ್ಕೂ ಸಮ. ಲಾಯದ ಬಾಗಿಲು ಮುಚ್ಚಿಸಿ ಕತ್ತಲೆ ಮಾಡಿ ಎರಡೂ ಕಣ್ಣಿಗೆ ಟಾರ್ಚು ಬಿಟ್ಟಳು. ಗಾಳಿ ಬೀಸದಂತೆ ಬೆರಳನ್ನು ಕಣ್ಣ ಹತ್ತಿರ ತಂದಳು. ರೆಪ್ಪೆ ಆಡಿದವು. ಅಷ್ಟು ಹೊತ್ತಿಗೆ ಅಳಿಯ ಬಂದ. "ಅತ್ತೆ, ಹಲ್ಲು ನನ್ನ ಇಲಾಖೆ" ಎಂದು ತೋಳು ಮಡಚಿಕೊಂಡು ಬಾಯಿ ಬಿಡಿಸಿ ನೋಡಿ, ವ್ಯಾಪಾರಿ ಹೇಳಿದ ವಯಸ್ಸು ಸರಿ ಎಂದು ಘೋಷಿಸಿದ.

ಕಲ್ಲುಹಾಸಿನ ಮೇಲೆ ನಡೆಸಿದರು, ಸಣ್ಣಗೆ ಓಡಿಸಿದರು, ಗಿರ್ರನೆ ತಿರುಗಿಸಿದರು, ಹಿಂದಕ್ಕೆ ನಡೆಸಿದರು. ಮೊದಲು ವ್ಯಾಪಾರಿಯ ಸವಾರ ಹತ್ತಿದ. ಮಾರುವವರ ಕಡೆಯವರೇ ಮೊದಲು ಹತ್ತಬೇಕು, ಅವರು ಹಿಂಜರಿದರೆ ಅಲ್ಲಿಗೆ ಪರೀಕ್ಷೆ ಮುಗಿದಂತೆ. ಅವನು ಹಿಂಜರಿಯಲಿಲ್ಲ. ಆಮೇಲೆ ಮಗಳು ಹತ್ತಿ ದಿಮ್ಮಿ ಹಾರಿಸಿದಳು, ಬೇಲಿ ಹಾರಿಸಿದಳು, ಹಿಂದಿನ ಹೊಲದ ಕಿರುಗಾಲುವೆಯನ್ನು ಎರಡೂ ದಿಕ್ಕಿನಿಂದ ದಾಟಿಸಿದಳು. ಬೇರೆ ಕುದುರೆಗಳನ್ನು ಕಣ್ಣಿಗೆ ಕಾಣದಷ್ಟು ದೂರ ಕಳಿಸಿ ಇದನ್ನು ಒಂಟಿಯಾಗಿ ಗೇಟಿನ ಹತ್ತಿರ ನಿಲ್ಲಿಸಿದರು. ಕಲ್ಲಿನ ಗೊಂಬೆಯಂತೆ ನಿಂತಿತು. ಉಸಿರು ಶುದ್ಧ. ತಂಗಿ ಅದನ್ನು ಲಾಯದಲ್ಲಿ ಆರಲು ಬಿಟ್ಟು, ಮೈ ತಣ್ಣಗಾದ ಮೇಲೆ ಮತ್ತೆ ಹೊರಗೆ ಎಳೆಸಿದಳು. ದುಡಿದ ಮೇಲೆ ಬಿಗಿಯುವ ಕಾಲು ಆಗ ಸಿಕ್ಕಿಬೀಳುತ್ತದೆ. ಏನೂ ಸಿಕ್ಕಲಿಲ್ಲ.

ಮಗಳು ಲಗಾಮು ಹಿಡಿದು ನಿಂತಿದ್ದಳು. ಗಾಳಿಗೆ ಕೆನ್ನೆ ಕೆಂಪಾಗಿತ್ತು. ಅಷ್ಟು ಸಂತೋಷವಾಗಿ ಅವಳನ್ನು ನಾನು ಈಚೆಗೆ ನೋಡಿರಲಿಲ್ಲ.

"ಹೇಳಮ್ಮ. ಎಲ್ಲಿದೆ ದೋಷ?"

ತಂಗಿ ಕುದುರೆಯನ್ನು ಮತ್ತೊಮ್ಮೆ ಸುತ್ತಿ ಬಂದಳು. ಬಲಭುಜದ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಕೈ ಎತ್ತಿದಳು, ಎಲ್ಲಿಯೂ ಇಡದೆ ಇಳಿಸಿದಳು.

"ದೋಷ ಇಲ್ಲ" ಎಂದಳು.

ವ್ಯಾಪಾರಿ ಎರಡೂ ಕೈ ಮೇಲಕ್ಕೆತ್ತಿ ಆಕಾಶ ನೋಡಿದ. ಅಳಿಯ ಚಪ್ಪಾಳೆ ತಟ್ಟಿದ. ಕುದುರೆ ಮಾತ್ರ ಯಾರ ಕಡೆಗೂ ತಿರುಗಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅವಳು ಬಾಯಿಗೆ ಬೀಗ ಹಾಕಿಕೊಂಡಂತೆ ಕೂತಿದ್ದಳು. ಒಳ್ಳೆಯ ಕುದುರೆ ಸಿಕ್ಕಿದ ದಿನ ಹಾಗೆ ಇರುವವಳಲ್ಲ, ಏನು ಎಂದು ಕೇಳಿದೆ.

"ಅದರ ಬಲಗಿವಿ ನೋಡಿದ್ಯಾ ಅಕ್ಕ?"

ನಾನು ನೋಡಿರಲಿಲ್ಲ. ಎಡಗಿವಿ ಎಲ್ಲ ಕುದುರೆಗಳ ಕಿವಿಯಂತೆ ಮುಂದೆ ಹಿಂದೆ ಆಡುತ್ತಿತ್ತಂತೆ. ಬಲಗಿವಿ ಮಾತ್ರ ಇಡೀ ಹೊತ್ತು ಹೊರಕ್ಕೆ ತಿರುಗಿ, ಯಾರೋ ಬರುವುದನ್ನು ಕಾಯುವಂತೆ ನಿಂತಿತ್ತಂತೆ. ಹಾರುವಾಗಲೂ, ನಿಂತಾಗಲೂ, ಲಾಯದ ಕತ್ತಲೆಯಲ್ಲೂ.

"ಹಾಗಾದ್ರೆ ಹೇಳಬೇಕಾಗಿತ್ತು" ಎಂದೆ.

"ಏನಂತ? ಕಿವಿ ನನಗೆ ಹಿಡಿಸಲಿಲ್ಲ ಅಂತಾನಾ?" ಸ್ವಲ್ಪ ದೂರ ಹೋದ ಮೇಲೆ ಅವಳೇ ಮತ್ತೆ ಹೇಳಿದಳು: "ಬೇರೆಯವರ ಮಗಳಿಗಾಗಿ ನೋಡೋಕೆ ಹೋಗಿದ್ರೆ ಆ ಕಿವಿ ನನ್ನ ಕಣ್ಣಿಗೇ ಬೀಳ್ತಿರಲಿಲ್ಲವೋ ಏನೋ."

ಅವಳು ಹೆದರಿದ್ದು ಕುದುರೆಗಲ್ಲ, ತನ್ನ ಹೆದರಿಕೆಗೆ. ಅದು ತಾಯಿಯ ಕಳವಳವಿದ್ದರೆ ಅದಕ್ಕೆ ತಕ್ಕಡಿಯಲ್ಲಿ ಜಾಗವಿಲ್ಲ ಎಂದು ತೀರ್ಮಾನಿಸಿದ್ದಳು. ಅವಳು ನೋಡಿದ್ದಾಳೆ ಎಂದರೆ ಪಶುವೈದ್ಯರೂ ಹೆಚ್ಚು ಕೆದಕುತ್ತಿರಲಿಲ್ಲ. ಎದೆಬಡಿತ ಕೇಳಿ, ರಕ್ತ ತೆಗೆದುಕೊಂಡು ಸಹಿ ಹಾಕಿದರು. ಕುದುರೆ ಮಗಳ ಮನೆಗೆ ಬಂತು.

ಮಗಳ ಮನೆಯ ಹಿಂದೆ ಅಂಗಳ, ಅಂಗಳದಾಚೆ ಲಾಯ. ಮೊದಲ ದಿನಗಳಲ್ಲಿ ಕುದುರೆಯ ಹೊಗಳಿಕೆ ಬಿಟ್ಟರೆ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನಡುನಡುವೆ ಒಂದೊಂದು ಸಣ್ಣ ಸುದ್ದಿ ಬರುತ್ತಿತ್ತು. ಗೇಟು ದಾಟುವಾಗ ಬಲಗಡೆಯ ಕಂಬಕ್ಕೆ ಭುಜ ತಾಗಿ ಚರ್ಮ ಕಿತ್ತಿತು. ಕಂಬವೇ ವಾಲಿದೆ ಎಂದು ಅಳಿಯ ಅದನ್ನು ನೆಟ್ಟಗೆ ನಿಲ್ಲಿಸಿದ. ನೀರಿನ ಬಕೆಟ್ಟನ್ನು ಪದೇಪದೇ ಒದ್ದು ಉರುಳಿಸುತ್ತದೆ ಎಂದು ಅದನ್ನು ಎಡಗಡೆಗೆ ತೂಗುಹಾಕಿದರು, ಒದೆತ ನಿಂತಿತು. ಲಾಯ ತೊಳೆಯುವ ಮುದುಕ ಒಂದು ಬೆಳಿಗ್ಗೆ ಮಾತಾಡದೆ ಬಲಗಡೆಯಿಂದ ಒಳಗೆ ಹೋದ. ಕುದುರೆ ಒಮ್ಮೆಗೇ ಹಾರಿ ಅವನನ್ನು ಗೋಡೆಗೆ ಒತ್ತಿತು. ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಬೀಡಿ ಬಾಯಲ್ಲಿತ್ತು, ಅದಕ್ಕೇ ಕೂಗಲಿಲ್ಲ, ನನ್ನದೇ ತಪ್ಪು ಎಂದು ಅವನು ಹಾಸಿಗೆಯಿಂದಲೇ ಹೇಳಿಕಳಿಸಿದ. ಪ್ರತಿಯೊಂದಕ್ಕೂ ಒಂದು ಕಾರಣ ಇತ್ತು. ತಂಗಿ ಇವನ್ನೆಲ್ಲ ಕೇಳಿ, ಯಾವ ಬದಿ ಎಂದು ಮಾತ್ರ ವಿಚಾರಿಸುತ್ತಿದ್ದಳು. ಆ ದಿನಗಳಲ್ಲಿ ಅವಳಿಗೆ ಊಟ ಕಡಿಮೆಯಾಗಿತ್ತು.

ಋತುವಿನ ಮೊದಲ ಓಟ ಹತ್ತಿರ ಬಂದಾಗ ಅಳಿಯ ಫೋನಿನಲ್ಲಿ ಏನೋ ಹೇಳುತ್ತ, ಕಂದು ಕುದುರೆಯ ಬಲಗಣ್ಣು ನೀರು ಸುರಿಸಿ ಅರ್ಧ ಮುಚ್ಚಿಕೊಂಡಿತ್ತು, ಹುಲ್ಲಿನ ದೂಳು ಬಿದ್ದಿರಬೇಕು, ಔಷಧಿ ಬಿಟ್ಟಿದ್ದೇವೆ, ಈಗ ತೆರೆದಿದೆ ಎಂದ. ತಂಗಿ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತಳು.

ಕುದುರೆಗೆ ಒಂದು ಕಣ್ಣಿನ ರೋಗ ಇದೆ. ಕಣ್ಣಿನ ಒಳಗೇ ಉರಿಯೂತ ಬರುತ್ತದೆ, ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿದ ಮೇಲೆ, ಮೊದಮೊದಲು, ಕಣ್ಣು ತಿಳಿಯಾಗಿಯೇ ಕಾಣುತ್ತದೆ. ಆದರೆ ಬಂದು ಹೋದ ಪ್ರತಿ ಸಲವೂ ದೃಷ್ಟಿಯನ್ನು ಒಂದಿಷ್ಟು ತಿಂದು ಹೋಗುತ್ತದೆ. ಚಂದ್ರನ ಜೊತೆ ಬಂದು ಹೋಗುತ್ತದೆ ಎಂದು ಹಿಂದಿನವರು ನಂಬಿದ್ದರು. ಕಣ್ಣು ಮಬ್ಬಾದ ಬದಿಯಲ್ಲಿ ಕುದುರೆ ಕಿವಿಯಿಂದ ನೋಡುವುದನ್ನು ಕಲಿಯುತ್ತದೆ.

ಅವತ್ತೇ ನಾವಿಬ್ಬರೂ ಹೋದೆವು. ತಂಗಿ ಟಾರ್ಚು ಬಿಟ್ಟು ಎಷ್ಟು ನೋಡಿದರೂ ಕಣ್ಣು ಗಾಜಿನಂತೆ ತಿಳಿಯಾಗಿತ್ತು. ಫೋನಿನಲ್ಲಿ ಸಿಕ್ಕ ಪಶುವೈದ್ಯರು ಅದಿರಬಹುದು, ಇಲ್ಲದೆಯೂ ಇರಬಹುದು, ಇನ್ನೊಮ್ಮೆ ಬಂದರೆ ಖಚಿತವಾಗಿ ಹೇಳಬಹುದು ಎಂದರು. ಓಟ ಮರುದಿನ ಬೆಳಿಗ್ಗೆ.

ಎಡಗಣ್ಣಿಗೆ ಬಟ್ಟೆ ಕಟ್ಟಿ ನಡೆಸಿ ನೋಡೋಣ ಎಂದಳು ತಂಗಿ. ಮಗಳು ಒಪ್ಪಿದಳು. ಅಂಗಳದಲ್ಲಿ ಅಡ್ಡಡ್ಡ ಬೊಂಬು ಇಟ್ಟು, ಟವೆಲಿನಿಂದ ಎಡಗಣ್ಣು ಮುಚ್ಚಿ ಅಳಿಯ ಮುಂದೆ ನಡೆದ. ನನಗೆ ಆ ದೃಶ್ಯ ಈಗಲೂ ಚೆನ್ನಾಗಿ ನೆನಪಿದೆ. ಕುದುರೆ ತಲೆ ತಗ್ಗಿಸಿ, ಬಲಗಿವಿಯನ್ನು ಅಳಿಯನ ಬೂಟಿನ ಸಪ್ಪಳಕ್ಕೆ ಹಿಡಿದು, ಒಂದೊಂದೇ ಬೊಂಬನ್ನು ಎತ್ತರಕ್ಕೆ ಕಾಲೆತ್ತಿ ದಾಟಿತು. ಒಂದಕ್ಕೂ ಗೊರಸು ತಾಗಲಿಲ್ಲ. ಅಳಿಯ ಟವೆಲು ಬಿಚ್ಚಿ ಅದರ ಮೂಗು ತಟ್ಟಿದ. ಈ ಅಂಗಳ ಅದಕ್ಕೆ ಬಾಯಿಪಾಠವಾಗಿದೆ, ಗೊತ್ತಿಲ್ಲದ ಹೊಲಕ್ಕೆ ಕರೆದುಕೊಂಡು ಹೋಗಿ ಹೀಗೇ ಮಾಡಬೇಕು ಎಂದಳು ತಂಗಿ. ಮಗಳ ತಾಳ್ಮೆ ಅಲ್ಲಿಗೆ ಮುಗಿಯಿತು.

"ನೀನೇ ನೋಡಿದ್ದು, ನೀನೇ ದೋಷ ಇಲ್ಲ ಅಂದಿದ್ದು. ಈಗ ಕಣ್ಣು ಅಂತೀಯ. ಕಣ್ಣಲ್ಲಿ ಎಲ್ಲಿದೆ, ತೋರಿಸು."

"ತೋರಿಸೋಕೆ ಇನ್ನೂ ಏನೂ ಇಲ್ಲ."

"ಅಪ್ಪ ಬಿದ್ದ ಕಾಲುವೇನ ನೀನು ಎಲ್ಲ ಕುದುರೆ ಒಳಗೂ ಹುಡುಕ್ತೀಯಮ್ಮ. ದೊಡ್ಡಮ್ಮ, ನೀವಾದ್ರೂ ಹೇಳಿ, ಇದು ನ್ಯಾಯಾನಾ?"

ನ್ಯಾಯದ ಮಾತು ಆಮೇಲೆ, ಒಂದು ಓಟ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂದೆ. ಅದು ಅವಳಿಗೆ ರುಚಿಸಲಿಲ್ಲ. ತಂಗಿ ಟವೆಲನ್ನು ಮಡಚಿ ಬಾಗಿಲಿನ ಮೇಲೆ ಹಾಕಿ ಬಂದಳು.

ಬೆಳಿಗ್ಗೆ ಮಂಜು ಇತ್ತು. ಕ್ಲಬ್ಬಿನ ಮನೆಯ ಮುಂದಿನ ಹುಲ್ಲಿನ ಮೇಲೆ ಸವಾರರೆಲ್ಲ ಸೇರಿದ್ದರು. ಕುದುರೆಗಳ ಮೈಯಿಂದ ಹಬೆ ಏಳುತ್ತಿತ್ತು. ಯಾರೋ ಜೀನಿನ ಮೇಲೆ ಕೂತವರಿಗೆ ಚಹಾ ಹಂಚುತ್ತಿದ್ದರು. ನಾಯಿಗಳು ಒಂದರ ಮೇಲೊಂದು ಬಿದ್ದು ಕುಂಯ್‌ಗುಡುತ್ತಿದ್ದವು. ಮಗಳು ಕಂದು ಕುದುರೆಯ ಮೇಲೆ, ಅಳಿಯ ಪಕ್ಕದಲ್ಲಿ ಹಳೆಯ ಹೆಣ್ಣು ಕುದುರೆಯ ಮೇಲೆ. ಇಂಥ ಕಡೆ ತಂಗಿ ಬೇಲಿಯ ಹೊರಗೇ ನಿಲ್ಲುವವಳು. ಅವತ್ತು ಕುದುರೆಗಳ ನಡುವೆ ನೇರವಾಗಿ ನಡೆದು ಹೋಗಿ ಮಗಳ ಲಗಾಮು ಹಿಡಿದಳು.

"ಇಳಿ."

"ಯಾಕೆ?"

"ನನಗೆ ಈ ಕುದುರೆ ಹಿಡಿಸಲಿಲ್ಲ."

"ದೋಷ ಎಲ್ಲಿದೆ?"

"ತೋರಿಸೋಕೆ ಆಗಲ್ಲ. ಹಿಡಿಸಲಿಲ್ಲ, ಅಷ್ಟೇ. ಇಳಿ."

ಸುತ್ತಲಿನ ಮಾತು ನಿಂತಿತು. ಅಲ್ಲಿದ್ದವರಲ್ಲಿ ಅರ್ಧ ಜನರ ಕುದುರೆಗಳನ್ನು ಆರಿಸಿದ್ದು ಅವಳೇ. ಅವಳ ಬಾಯಿಂದ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ತಕ್ಕಡಿಗೂ ವಯಸ್ಸಾಯಿತು ಎಂದು ಹಿಂದೆ ಯಾರೋ ಮೆಲ್ಲಗೆ ಅಂದರು, ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ತಂಗಿಯ ಮುಖ ಬೂದಿಯಂತಿತ್ತು, ಆದರೆ ಲಗಾಮು ಬಿಡಲಿಲ್ಲ. ಮಗಳು ಅವಳನ್ನೇ ನೋಡುತ್ತಿದ್ದಳು. ಏನು ಕಂಡಿತೋ, ಕಾಲು ಬಿಡಿಸಿಕೊಂಡು ಇಳಿದಳು. ಅವಮಾನದಿಂದ ಮುಖ ತಿರುಗಿಸಿಕೊಂಡಳು.

ಆ ಬಿಗುವನ್ನು ಸಡಿಲಿಸಬೇಕೆಂದೇ ಅಳಿಯ ಬಾಯಿ ಹಾಕಿದ. ಅವನ ಸ್ವಭಾವವೇ ಅದು. ತನ್ನ ಕುದುರೆಯಿಂದ ಧೊಪ್ಪನೆ ಇಳಿದು ಅದರ ಲಗಾಮನ್ನು ಹೆಂಡತಿಯ ಕೈಗೆ ಕೊಟ್ಟ.

"ನಮ್ಮ ಅಜ್ಜಿ ಮೇಲೆ ನೀನು ಬಾ. ಇವನ ಮೇಲೆ ನಾನು ಹೋಗ್ತೀನಿ. ಅತ್ತೆ ಬೇಡ ಅಂದಿದ್ದು ನಿನಗೆ ತಾನೆ? ಅಳಿಯಂದಿರ ಬಗ್ಗೆ ಏನೂ ಹೇಳಿಲ್ಲ."

ಎಲ್ಲರೂ ನಕ್ಕರು. ಎಲ್ಲರಿಗೂ ನಗುವ ಅಗತ್ಯವಿತ್ತು. ಮಗಳೂ ಮೂಗು ಒರೆಸಿಕೊಂಡು ಅರ್ಧ ನಕ್ಕಳು. ತಂಗಿ ಬಾಯಿ ತೆರೆದಳು. ಮಗಳಿಗೆ ಕಾರಣವಿಲ್ಲದೆ ಇಳಿ ಎನ್ನಲು ಅವಳಿಗೆ ಹಕ್ಕಿತ್ತು. ಬೇರೆಯವರ ಮಗನಿಗೆ, ಆ ನಗುವಿನ ನಡುವೆ, ಕಾರಣ ಬೇಕಾಗಿತ್ತು. ಅದು ಅವಳ ಬಳಿ ಇರಲಿಲ್ಲ. ಅವಳ ಕೈ ಲಗಾಮಿನಿಂದ ಜಾರಿತು. ಅಳಿಯ ಹತ್ತಿ ಕೂತು, ಕಾಲಿಡುವ ರಿಕಾಪಿನ ಪಟ್ಟಿಯ ಉದ್ದ ಸರಿಮಾಡಿಕೊಂಡ. ಕಹಳೆ ಊದಿದರು.

ಆಮೇಲಿನದನ್ನು ಹಿಂದಿದ್ದ ಸವಾರರು ಹೇಳಿದರು. ಕಂದು ಕುದುರೆ ಅಂದು ಎಲ್ಲಕ್ಕಿಂತ ಚೆನ್ನಾಗಿ ಓಡಿತಂತೆ. ಕೊನೆಯಲ್ಲಿ ಇರಬೇಕಾದ ಅಳಿಯ ಹಿಂಡಿನ ಮಧ್ಯಕ್ಕೆ ಬಂದಿದ್ದನಂತೆ, ಗೋಡೆ ಹಾರಿದಾಗ ಮಗುವಿನಂತೆ ಕೂಗಿದನಂತೆ. ಕಾಲುವೆಯ ಹತ್ತಿರ ನಾಯಿಗಳ ಗದ್ದಲ, ಸವಾರರ ಕೂಗು. ಅಷ್ಟು ಸದ್ದಿನಲ್ಲಿ ಒಂದು ಕಿವಿ ಯಾವ ಸಪ್ಪಳ ಹಿಡಿದೀತು? ಬಲಗಡೆಯಿಂದ ಯಾರದೋ ಕುದುರೆ ಜೊತೆಗೆ ಬಂದು ಅದರ ಭುಜಕ್ಕೆ ಭುಜ ತಾಗಿಸಿತು. ಕಂದು ಕುದುರೆ, ಏನೂ ಇಲ್ಲದ ಜಾಗದಿಂದ ಏನೋ ಬಂದು ಮೈಮೇಲೆ ಬಿದ್ದಂತೆ ಎಡಕ್ಕೆ ಚಿಮ್ಮಿತು. ದಡದ ಅಂಚು ಸಿಕ್ಕಲಿಲ್ಲ. ಸವಾರನನ್ನು ತನ್ನ ಅಡಿಗೆ ಹಾಕಿಕೊಂಡು ಕಾಲುವೆಗೆ ಉರುಳಿತು.

ನಾವಿಬ್ಬರೂ ರಸ್ತೆಯ ತಿರುವಿನಲ್ಲಿ ಕಾರಿನ ಹೊರಗೆ ನಿಂತಿದ್ದೆವು. ಮಂಜಿನೊಳಗಿಂದ ಮೊದಲು ಬಂದದ್ದು ಅದೇ ಕುದುರೆ, ಒಂಟಿಯಾಗಿ, ಕುತ್ತಿಗೆಯವರೆಗೆ ಕೆಸರು, ಜೀನು ಹೊಟ್ಟೆಯ ಕೆಳಗೆ ಜಾರಿತ್ತು. ಒಂದು ಗೀರೂ ಆಗಿರಲಿಲ್ಲ. ತಂಗಿ ಅದರ ಕಡೆ ನೋಡದೆ ಅದು ಬಂದ ದಿಕ್ಕಿಗೆ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿ ಬಹಳ ವರ್ಷಗಳಾಗಿದ್ದವು.

ಅಳಿಯ ಬದುಕಿದ. ಸೊಂಟದ ಮೂಳೆ, ಬೆನ್ನಿನ ಎರಡು ಮಣಿ ಹೋದವು. ಈಗ ಎರಡು ಕೋಲು ಹಿಡಿದು ಕೋಣೆಯಿಂದ ಬಚ್ಚಲಿನವರೆಗೆ ನಡೆಯುತ್ತಾನೆ. ಕ್ಲಿನಿಕ್ಕಿನಲ್ಲಿ ಬೇರೆ ಡಾಕ್ಟರು ಕೂರುತ್ತಾರೆ. ತಮಾಷೆ ಪೂರ್ತಿ ನಿಂತಿಲ್ಲ, ಆದರೆ ಹೇಳುತ್ತ ಹೇಳುತ್ತ ನಡುವೆ ನಿದ್ದೆ ಹೋಗುತ್ತಾನೆ, ಔಷಧಿಯ ಮಂಪರು. ಕುದುರೆಯ ಕಣ್ಣು ತಿಂಗಳೊಪ್ಪತ್ತಿನಲ್ಲಿ ಮತ್ತೆ ಉರಿದು, ಈ ಸಲ ನಡುವೆ ಬಿಳಿಯ ಪೊರೆ ಉಳಿಯಿತು. ಈಗ ಯಾರು ಬೇಕಾದರೂ ಬೆರಳು ತೋರಿಸಬಹುದು. ವ್ಯಾಪಾರಿ ತನಗೂ ಗೊತ್ತಿರಲಿಲ್ಲವೆಂದು ಹೇಳಿ, ಮರುಮಾತಿಲ್ಲದೆ ಅದನ್ನು ವಾಪಸು ಹೊಡೆದುಕೊಂಡು ಹೋದ. ಅದು ಈಗ ಎಲ್ಲಿದೆ, ಯಾರನ್ನು ಹೊತ್ತಿದೆ ಎಂದು ಕೇಳಿದರೆ ಮಾತು ಬದಲಿಸುತ್ತಾನೆ.

ತಂಗಿ ಮಗಳ ಮನೆಗೇ ಹೋಗಿ ನೆಲೆಸಿದಳು. ಅಳಿಯನನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು ಎಲ್ಲ ಅವಳೇ. ಮಗಳು ತನ್ನ ಕೆಲಸಕ್ಕೆ ಹೋಗುತ್ತಾಳೆ. ತಾಯಿ ಮಗಳ ನಡುವೆ ಜಗಳವಿಲ್ಲ. ಹಾಲು ತರಬೇಕು, ಡಾಕ್ಟರು ಬರುತ್ತಾರೆ, ಇಂಥ ಮಾತುಗಳಷ್ಟೇ. ಕುದುರೆ ನೋಡಲು ಕರೆಯುವ ಫೋನುಗಳು ಕೆಲವು ದಿನ ಬಂದವು. ತಂಗಿ ಎತ್ತಲಿಲ್ಲ.

ಒಂದು ಸಂಜೆ ನಾನು ಹೋದಾಗ ಅಡುಗೆಮನೆಯಲ್ಲಿ ಇಬ್ಬರೂ ಇದ್ದರು. ತಂಗಿ ಗಂಜಿ ಕಾಯಿಸುತ್ತಿದ್ದಳು. ಮಗಳು ಕೈಚೀಲವನ್ನೂ ಇಳಿಸದೆ ಬಾಗಿಲಿಗೆ ಒರಗಿ ನಿಂತು ತಾಯಿಯ ಬೆನ್ನನ್ನೇ ನೋಡುತ್ತಿದ್ದಳು. ನಾನು ಬಂದದ್ದರಿಂದ ಅವಳೇನೂ ಮಾತು ತಡೆಯಲಿಲ್ಲ. ದನಿ ಏರಿಸಲಿಲ್ಲ.

"ನಿನಗೆ ಗೊತ್ತಿತ್ತಮ್ಮ. ನನಗೊಬ್ಬಳಿಗೆ ಇಳಿ ಅಂದೆ."

ತಂಗಿ ಒಲೆ ಆರಿಸಿದಳು. ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ, ಚಮಚೆಯಿಂದ ತಿರುವಿ, ಬಿಸಿ ನೋಡಲು ಒಂದು ಹನಿ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡಳು. ಆಮೇಲೆ ಬಟ್ಟಲು ಹಿಡಿದು ಮಗಳ ಪಕ್ಕದಿಂದಲೇ ದಾಟಿ, ಅಳಿಯನ ಕೋಣೆಗೆ ಹೋದಳು.